ಸೈಕಲ್ ಮೇಲಿನ ಸೀರೆ ಯಾವ ಬಣ್ಣ

"ಹಸಿರು," ಅಂದರು ಅಜ್ಜಿ.

ಮೊಮ್ಮಗಳ ಗೆಳತಿ ಚೈತ್ರ ಬಾಯಿಗೆ ಹಾಕಿಕೊಳ್ಳಬೇಕೆಂದಿದ್ದ ಮಂಡಕ್ಕಿಯನ್ನು ಅರ್ಧದಲ್ಲೇ ನಿಲ್ಲಿಸಿದಳು. ಚೊಂಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಹಳೇ ಬ್ಲ್ಯಾಕ್ ಅಂಡ್ ವೈಟ್ ಸಿನಿಮಾ ಓಡುತ್ತಿತ್ತು. ದೊಡ್ಡ ತುರುಬು, ಉಬ್ಬಿದ ತೋಳಿನ ಕುಪ್ಪಸ, ಬಾಲ ಬಿಟ್ಟ ಕಾಡಿಗೆಯ ಹೀರೋಯಿನ್ ಒಬ್ಬಳು ಚೌಕಳಿ ಸೀರೆ ಉಟ್ಟು ಸೈಕಲ್ ತುಳಿಯುತ್ತ ಹಾಡುತ್ತಿದ್ದಳು. ಸೀರೆ ಚಕ್ರಕ್ಕೆ ಸಿಕ್ಕಿಕೊಳ್ಳುತ್ತಿರಲಿಲ್ಲ, ತುರುಬು ಅಲ್ಲಾಡುತ್ತಿರಲಿಲ್ಲ. ಅವಳ ಹಿಂದೆ ಓಡುತ್ತಿದ್ದ ಹೀರೋನ ಪ್ಯಾಂಟು ಎಷ್ಟು ಬಿಗಿಯಿತ್ತೆಂದರೆ, ಪಾಪ, ಹಾಡು ಮುಗಿಯುವವರೆಗೂ ಅವನು ಎಲ್ಲೂ ಕೂರಲಿಲ್ಲ.

"ಏನು ಹಸಿರು, ಅಜ್ಜಿ?"

"ಅವಳ ಸೀರೆ ಕಣೇ. ಗಿಳಿ ಹಸಿರು."

ಚೈತ್ರ ಮೊಬೈಲಿಗೆ ಮೂಗು ತಾಗಿಸಿ ನೋಡಿದಳು. "ನಂಗೆ ಬೂದಿ ಬಣ್ಣ ಕಾಣ್ತೈತಲ್ರೀ ಅಜ್ಜಿ. ಮರ ಬೂದಿ, ಆಕಾಶ ಬೂದಿ, ಹೀರೋ ಮುಖಾನೂ ಬೂದಿ. ನಿಮಗೆ ಮಾತ್ರ ಹಸಿರು ಹೆಂಗೆ ಕಂಡ್ತು?"

"ನಂಗೆ ಗೊತ್ತೈತಿ. ಹೆಂಗೆ ಅಂತ ಕೇಳಬ್ಯಾಡ."

ಅಜ್ಜಿ ಮೊಬೈಲನ್ನು ಬೋರಲು ಹಾಕಿ ಎದ್ದು ಒಳಗೆ ಹೋದರು. ಯಾವ ಪ್ರಶ್ನೆಗೂ ಒಂದು ಕತೆ ಕಟ್ಟುವ ಸರ್ವಮಂಗಳಜ್ಜಿ ಹೀಗೆ ಎದ್ದು ಹೋದದ್ದು ಅದೇ ಮೊದಲು. ಮೊಮ್ಮಗಳು ಗಂಗಾಶ್ರೀ ಅದನ್ನು ಗಮನಿಸಿದಳು. ಚೈತ್ರಳೂ ಗಮನಿಸಿದಳು.

"ನಿಮ್ಮಜ್ಜಿ ಬರೀ ಬಿಲ್ಡಪ್ಪು ಕಣೇ," ಅಂದಳು ಚೈತ್ರ, ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ.

ಗಂಗಾಗೆ ಸಿಟ್ಟು ಬಂತು. ಆದರೆ ಜಗಳಕ್ಕೆ ಇಳಿಯುವ ಹಾಗಿರಲಿಲ್ಲ. ಯಾಕೆಂದರೆ ಅಜ್ಜಿಯ ಕತೆಗಳೇ ಹಾಗಿದ್ದವು. ಶಿರಾಳಕೊಪ್ಪದ ಟೆಂಟ್ ಸಿನಿಮಾದಲ್ಲಿ ಮಳೆ ಸೀನ್ ಬಂದರೆ ಮುಂದಿನ ಸಾಲಿನವರು ಕೊಡೆ ಬಿಚ್ಚುತ್ತಿದ್ದರಂತೆ. ಪರದೆ ಮೇಲೆ ಹುಲಿ ಗರ್ಜಿಸಿದರೆ ಹೊರಗೆ ಕಟ್ಟಿದ ಎತ್ತುಗಳು ಹಗ್ಗ ಹರಿದುಕೊಂಡು, ಗಾಡಿ ಯಜಮಾನರನ್ನು ಬಿಟ್ಟು ತಾವೇ ಊರು ಸೇರುತ್ತಿದ್ದವಂತೆ. ಒಂದು ಸಲ ಟೆಂಟಿನೊಳಗೆ ಹಾವು ಬಂದಿತ್ತಂತೆ. ಯುಗಾದಿಗೆ ಹೇಳಿದಾಗ ಅದು ಮೊಳದುದ್ದ ಇತ್ತು. ದೀಪಾವಳಿ ಹೊತ್ತಿಗೆ ಟೆಂಟನ್ನೇ ಒಂದು ಸುತ್ತು ಬಂದು ತನ್ನ ಬಾಲ ತಾನೇ ನೋಡಿ ಹೆದರಿತ್ತು.

ಇಷ್ಟು ದಿನ ಅದೆಲ್ಲ ಕೇಳಿ ನಗುತ್ತಿದ್ದಳು ಗಂಗಾ. ಈಗ ಅನುಮಾನ ಶುರುವಾಯಿತು. ಅನುಮಾನ ಲಂಗಕ್ಕೆ ಹತ್ತಿದ ಉತ್ತರಾಣಿ ಕಾಳಿನ ಹಾಗೆ. ಒಂದು ಕೀಳುವಷ್ಟರಲ್ಲಿ ಇನ್ನೊಂದು ಚುಚ್ಚುತ್ತಿತ್ತು.

ಮರುದಿನ ಶಾಲೆಯಲ್ಲಿ ಅದು ಇನ್ನೂ ದೊಡ್ಡದಾಯಿತು. ಸ್ಕೂಲ್ ಡೇಗೆ 'ಹಳೇ ಕಾಲದ ಫ್ಯಾಷನ್' ಅಂತ ಒಂದು ಐಟಂ. ಗಂಗಾ ಸೈಕಲ್ ಹೀರೋಯಿನ್, ಚೈತ್ರ ಬಿಗಿ ಪ್ಯಾಂಟಿನ ಹೀರೋ.

"ಮನೇಲಿ ಅಜ್ಜಿಯಂದಿರ ಹಳೇ ಸೀರೆ ಇದ್ರೆ ತನ್ರಿ," ಅಂದರು ರೇಣುಕಾಪ್ರಸಾದ್ ಸರ್.

"ಸರ್, ನಮ್ಮಜ್ಜಿ ಹತ್ರ ಆ ಸಿನಿಮಾದ ಸೀರೆನೇ ಐತಂತೆ," ಅಂದುಬಿಟ್ಟಳು ಗಂಗಾ. ಬೆಳಿಗ್ಗೆ ಅಜ್ಜಿ ಹಾಗೇ ಹೇಳಿದ್ದರು.

"ಹೌದಾ? ಹಂಗಾರೆ ಮೈಕಲ್ಲಿ ಹೇಳೋಣ. ಒರಿಜಿನಲ್ ಸೀರೆ ಅಂತ."

"ಸರ್, ಅದು ಹಸಿರಂತೆ," ಅಂದಳು ಚೈತ್ರ. "ಬ್ಲ್ಯಾಕ್ ಅಂಡ್ ವೈಟ್ ಹಸಿರು."

ಇಡೀ ಕ್ಲಾಸು ನಕ್ಕಿತು. ಗಂಗಾಳ ಕಿವಿ ಬಿಸಿಯಾಯಿತು. ಅಜ್ಜಿ ಹೇಳಿದ್ದು ಸುಳ್ಳಾದರೆ ಆ ಸುಳ್ಳು ಮೈಕಿನಲ್ಲಿ ಊರಿಗೆಲ್ಲ ಕೇಳುತ್ತದೆ. ಮುಂದಿನ ಸಾಲಿನಲ್ಲಿ ಅಜ್ಜಿಯೇ ಕೂತಿರುತ್ತಾರೆ.

ಭಾನುವಾರ ಶಿಕಾರಿಪುರದಿಂದ ಅಮ್ಮನ ಜೊತೆ ಉಳವಿಗೆ ಹೋದಳು. ಅಲ್ಲಿ ಅಮ್ಮನ ಅಮ್ಮ, ಜಗದಾಂಬಜ್ಜಿ. ಇವರದು ಮಾತು ಕಮ್ಮಿ. ಹಾವು ಕಂಡರೆ 'ಹಾವು' ಅನ್ನುತ್ತಾರೆ, ಉದ್ದ ಹೇಳುವುದಿಲ್ಲ. ನಂಬಬಹುದಾದ ಸಾಕ್ಷಿ ಇವರೇ ಅಂತ ಗಂಗಾ ತೀರ್ಮಾನಿಸಿದ್ದಳು. ಏನೂ ಸುಳಿವು ಕೊಡದೆ ಮೊಬೈಲಿನಲ್ಲಿ ಅದೇ ಹಾಡು ಹಾಕಿದಳು.

"ಅಜ್ಜಿ, ಇವಳ ಸೀರೆ ಯಾವ ಬಣ್ಣ ಇರಬಹುದು?"

ಯಾರಿಗೆ ಗೊತ್ತು ಅನ್ನುತ್ತಾರೆ ಅಂದುಕೊಂಡಿದ್ದಳು.

"ಇರಬಹುದು ಅಂತ ಎಂತಕ್ಕೆ ಮಾರಾಯ್ತಿ? ಕೆಂಪು. ಕುಂಕುಮದ ಕೆಂಪು."

ಗಂಗಾ ಕಣ್ಣು ಮಿಟುಕಿಸುವುದನ್ನೂ ಮರೆತಳು. ಉಳವಿ ಅಜ್ಜಿ ಬೀರುವಿನಿಂದ ಒಂದು ಸೀರೆ ತಂದು ಮಡಿಲಲ್ಲಿ ಹರವಿದರು. ಕೆಂಪು ಚೌಕಳಿ. ಹಾಡಿನಲ್ಲಿ ಇದ್ದಂಥದೇ ಚೌಕ, ಅಷ್ಟೇ ಅಗಲದ ಅಂಚು.

"ಶಿಕಾರಿಪುರದ ಅಜ್ಜಿ ಹಸಿರು ಅಂತಾರೆ," ಅಂದಳು ಮೆಲ್ಲಗೆ.

ಉಳವಿ ಅಜ್ಜಿ ಬಾಯಿಯ ಒಂದೇ ಬದಿಯಿಂದ ನಕ್ಕರು. "ಅವರು ಬೀಗಿತ್ತಿ. ದೊಡ್ಡವರು. ಅವರು ಹೇಳಿದ್ಮೇಲೆ ನಾನೆಂತ ಹೇಳ್ಲಿ ಬಿಡು."

"ನಿಮಗೆ ಕೆಂಪು ಅಂತ ಯಾರು ಹೇಳಿದ್ದು?"

"ಶಿರಾಳಕೊಪ್ಪದಲ್ಲಿ ಗೋಪಾಲಪ್ಪನ ಬಟ್ಟೆ ಅಂಗಡಿ ಇತ್ತು. ಕಿವಿ ಮೇಲೆ ಪೆನ್ಸಿಲ್ ಸಿಗಿಸ್ಕೊಂಡಿರೋನು. ಸಂತೆ ದಿನ ಸೀರೆಗಳನ್ನ ನಮ್ಮ ಮುಂದೆ ಹರವಿದ್ದ. ನಾನು ಕೆಂಪಿನ ಮೇಲೆ ಕೈ ಇಟ್ಟೋಳು ತೆಗೀಲೇ ಇಲ್ಲ. ಅವನೇ ಹೇಳಿದ. ತಂಗಿ, ಸರಿಯಾದ್ದನ್ನೇ ಹಿಡಿದೆ, ಸೈಕಲ್ ಸಿನಿಮಾದವಳು ಉಟ್ಟಿದ್ದು ಇದೇ, ಅಂತ."

ಹೊರಡುವಾಗ ಕೆಂಪು ಸೀರೆ ಗಂಗಾಳ ಚೀಲ ಸೇರಿತು. "ಸ್ಕೂಲ್ ಡೇಗೆ ಇದನ್ನ ಉಡು. ಮಂಡಿನೋವು, ನಂಗೆ ಬರಕ್ಕಾಗಲ್ಲ. ಫೋಟೋ ಕಳ್ಸು. ಮರೀಬೇಡ."

ಬಸ್ಸಿನಲ್ಲಿ ಗಂಗಾ ಚೀಲವನ್ನು ಎದೆಗೆ ಒತ್ತಿಕೊಂಡು ಕೂತಳು. ಇಬ್ಬರು ಅಜ್ಜಿಯರು, ಒಂದು ಸೀರೆ, ಎರಡು ಬಣ್ಣ. ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಯಾರು ಅಂತ ಯೋಚಿಸಿದಷ್ಟೂ ಹಾವು ಟೆಂಟನ್ನು ಸುತ್ತುತ್ತಿತ್ತು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ನೋಡಿದಳು.

"ಅಮ್ಮ, ಗೋಪಾಲಪ್ಪನ ಅಂಗಡಿ ಎಲ್ಲಿ?"

"ಅವರು ತೀರಿಕೊಂಡು ಯಾವ ಕಾಲ ಆತು. ಅದೇ ನೋಡು, ಮೊಬೈಲ್ ಅಂಗಡಿ ಆಗೈತಲ್ಲ, ಅಲ್ಲೇ ಇತ್ತು."

ಕೇಳಲು ಇನ್ನು ಉಳಿದವರು ಅಜ್ಜಿ ಒಬ್ಬರೇ. ಮನೆ ಸೇರಿದವಳೇ ಗಂಗಾ ಅಜ್ಜಿಯ ಕೋಣೆಯ ಬಾಗಿಲು ಹಾಕಿದಳು.

"ಅಜ್ಜಿ, ಹಸಿರು ಅಂತ ನಿಮಗೆ ಯಾರು ಹೇಳಿದ್ದು? ಹಾವಿನ ಕತೆ ಥರ ಹೇಳಬೇಡಿ. ಪ್ರಾಮಿಸ್ ಮಾಡ್ರಿ."

ಅಜ್ಜಿ ಅವಳ ಮುಖವನ್ನೇ ನೋಡಿದರು. ನಗಲಿಲ್ಲ. ಟ್ರಂಕ್ ಎಳೆದು, ತಳದಿಂದ ಹಸಿರು ಸೀರೆ ತೆಗೆದರು. ಕೋಣೆಯೆಲ್ಲ ನುಸಿಗುಳಿಗೆಯ ವಾಸನೆ.

"ನಂಗೆ ನಾಕು ಜನ ಅಕ್ಕಂದಿರು. ಅವರು ಉಟ್ಟು ಬಿಟ್ಟಿದ್ದೇ ನಂಗೆ ಹೊಸಾದು. ಒಂದ್ಸಲ ಅಪ್ಪ ಅಂಗಡಿಗೆ ಕರ್ಕೊಂಡು ಹೋಗಿ, ನಿಂಗೆ ಬೇಕಾದ್ದು ತಗಳವ್ವ ಅಂದ. ಈ ಹಸಿರಿನ ಮೇಲೆ ಕೈ ಇಟ್ಟೆ. ಅಕ್ಕಂದಿರು ನಕ್ಕೇಬಿಟ್ರು. ಕರೀ ಹುಡುಗಿಗೆ ಗಿಳಿ ಹಸಿರಾ ಅಂದ್ರು. ಅಂಗಡೀಲಿ ಇದ್ದೋರೆಲ್ಲ ತಿರುಗಿ ನೋಡಿದ್ರು."

ಅಜ್ಜಿ ಸೀರೆಯ ಅಂಚನ್ನು ಬೆರಳಿಂದ ಸವರಿದರು.

"ಕೈ ತೆಗಿಯೋಳಿದ್ದೆ. ಆವಾಗ ಅಂಗಡಿಯೋನು ಹೇಳಿದ. ಸೈಕಲ್ ಸಿನಿಮಾದಾಕಿ ಉಟ್ಟಿದ್ದು ಇದೇ ಸೀರೆ ಕಣಮ್ಮ, ಅಂತ. ನಮ್ಮಕ್ಕಂದಿರ ಬಾಯಿ ಬಂದ್ ಆತು ನೋಡು. ಆಮೇಲೆ ತಿಂಗಳುಗಟ್ಟಲೆ ಬೇಡಿದ್ರು, ಒಂದ್ಸಲ ಉಡಕ್ಕೆ ಕೊಡೇ ಅಂತ."

ಗಂಗಾ ಕೆಂಪು ಸೀರೆಯ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದಳು. "ಅವನ ಕಿವಿ ಮೇಲೆ ಪೆನ್ಸಿಲ್ ಇತ್ತಾ?"

"ಇತ್ತು." ಈಗ ಅಜ್ಜಿಯ ಹುಬ್ಬು ಮೇಲೇರಿತು. "ನಿಂಗೆ ಹೆಂಗೆ ಗೊತ್ತಾತು?"

"ಗೊತ್ತೈತಿ. ಹೆಂಗೆ ಅಂತ ಕೇಳಬೇಡಿ."

ಅಜ್ಜಿ ಕಾಫಿಗೆ ಹೋದಾಗ ಗಂಗಾ ಎರಡೂ ಸೀರೆಯನ್ನು ಮಂಚದ ಮೇಲೆ ಪಕ್ಕಪಕ್ಕ ಇಟ್ಟಳು. ಒಂದು ಕುಂಕುಮ, ಒಂದು ಗಿಳಿ. ಅಮ್ಮನ ಮೊಬೈಲಿನಲ್ಲಿ ಫೋಟೋ ತೆಗೆದು, ಬ್ಲ್ಯಾಕ್ ಅಂಡ್ ವೈಟ್ ಒತ್ತಿದಳು.

ಎರಡೂ ಬೂದಿ. ಯಾವುದು ಯಾರದ್ದು ಅಂತ ಅವಳಿಗೇ ಗೊತ್ತಾಗಲಿಲ್ಲ.

ಗೋಪಾಲಪ್ಪನೂ ಟೆಂಟಿನಲ್ಲಿ ಕೂತು ನೋಡಿದ್ದು ಇದನ್ನೇ ಅಲ್ಲವೇ? ಹಾಗಾದರೆ ಅವನು ಪರದೆ ನೋಡಿ ಹೇಳಿರಲಿಲ್ಲ. ಸೀರೆ ಮೇಲಿದ್ದ ಕೈ ನೋಡಿ ಹೇಳಿದ್ದ.

ಸ್ಕೂಲ್ ಡೇ ಬಂತು. ಸ್ಟೇಜಿನ ಹಿಂದೆ ಅಣ್ಣನ ಪ್ಯಾಂಟಿಗೆ ಪಿನ್ನು ಹಾಕಿ ಬಿಗಿ ಮಾಡಿಕೊಂಡಿದ್ದ ಚೈತ್ರ ಬಗ್ಗಲಾರದೆ, ಕೂರಲಾರದೆ ಕಂಬದ ಹಾಗೆ ನಿಂತಿದ್ದಳು.

"ಪ್ರೂಫ್ ಸಿಕ್ತಾ?"

"ಸಿಕ್ತು."

"ಹಸಿರೇನಾ?"

"ನೋಡ್ತಾ ಇದೀಯಲ್ಲ," ಅಂದಳು ಗಂಗಾ, ಹಸಿರು ನಿರಿಗೆ ಸರಿಮಾಡಿಕೊಳ್ಳುತ್ತ. ತಲೆ ಮೇಲೆ ಅಜ್ಜಿಯ ಉಲ್ಲನ್ ಉಂಡೆ ಒಳಗಿಟ್ಟು ಕಟ್ಟಿದ ತುರುಬು ಗೋಪುರದಂತಿತ್ತು.

ಗಂಗಾ ಸೈಕಲ್ ತಳ್ಳಿಕೊಂಡು ಸ್ಟೇಜಿಗೆ ಬಂದಾಗ ಸರ್ ಮೈಕಿನಲ್ಲಿ, "ಒರಿಜಿನಲ್ ಸೀರೆ," ಅಂದರು. ಮುಂದಿನ ಸಾಲಿನಲ್ಲಿ ಸರ್ವಮಂಗಳಜ್ಜಿ ಬೆನ್ನು ನೆಟ್ಟಗೆ ಮಾಡಿ ಕೂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಅಂಗಡಿಯಲ್ಲಿ ತಿರುಗಿ ನೋಡಿದವರೆಲ್ಲ ಇಲ್ಲಿಗೂ ಬಂದಿದ್ದಾರೇನೋ ಅನ್ನುವ ಹಾಗೆ.

ಕಾರ್ಯಕ್ರಮ ಮುಗಿದ ಮೇಲೆ ಅಮ್ಮ ಫೋಟೋ ತೆಗೆದರು. ಗಂಗಾ ಮೊಬೈಲ್ ಇಸಕೊಂಡು, ಫೋಟೋವನ್ನು ಬೂದಿ ಮಾಡುವ ಅದೇ ಗುಂಡಿ ಒತ್ತಿ, ಉಳವಿಗೆ ಕಳಿಸಿದಳು. ಅಮ್ಮ ಅದನ್ನು ನೋಡಿದರು, ಮಗಳನ್ನು ನೋಡಿದರು.

ಫೋನ್ ಬಂತು.

"ನೋಡ್ದೆ ಮಾರಾಯ್ತಿ," ಅಂದರು ಉಳವಿ ಅಜ್ಜಿ. ಯಾವತ್ತೂ ಇಲ್ಲದ ಉತ್ಸಾಹ ಅವರ ದನಿಯಲ್ಲಿತ್ತು. "ಸೇಮ್ ಸಿನಿಮಾದಂಗೇ ಬಂದಿದೆ. ಕೆಂಪು ಎಷ್ಟು ಒಪ್ಪುತ್ತೆ ನಿಂಗೆ."

"ಊರಿಗೆ ಬಂದಾಗ ನಿಮ್ಮೆದುರಿಗೂ ಉಟ್ಟು ತೋರಿಸ್ತೀನಿ ಅಜ್ಜಿ."

ಚೈತ್ರ ಬಾಯಿ ತೆರೆದಳು. ಗಂಗಾ ಅವಳ ಕಾಲು ತುಳಿದಳು.

ಸಂಜೆ ಮತ್ತೆ ಮೊಬೈಲು ಚೊಂಬಿಗೆ ಒರಗಿತು. ತುರುಬಿನ ಹೀರೋಯಿನ್ ಸೈಕಲ್ ಏರಿದಳು.

"ಹಸಿರು," ಅಂದರು ಅಜ್ಜಿ, ಗಂಗಾಳ ಕಡೆ ಓರೆಗಣ್ಣಲ್ಲಿ ನೋಡುತ್ತ.

ಗಂಗಾ ಕಣ್ಣು ಕಿರಿದು ಮಾಡಿ ನೋಡಿದಳು. ಸೀರೆ ನಿಜವಾಗಿಯೂ ಹಸಿರಾಗಿಯೇ ಕಂಡಿತು. ರಸ್ತೆಯ ತಿರುವಿನಲ್ಲಿ ಸೈಕಲ್ ವಾಲಿದಾಗ ಉಳವಿ ನೆನಪಾಗಿ, ಒಂದು ಗಳಿಗೆ ಕೆಂಪಾಯಿತು.

"ಹೂಂ ಅಜ್ಜಿ," ಅಂದಳು, ಮಂಡಕ್ಕಿ ಬಟ್ಟಲನ್ನು ಹತ್ತಿರ ಎಳೆದುಕೊಳ್ಳುತ್ತ.