ಸಡಿಲಾದ ಕೇಬಲ್

ಒಣಗಲು ಹಾಕಿದ ಅಡಿಕೆಗೆ ಹೊಗೆ ತಾಗಬಾರದೆಂದು ನನ್ನ ಜೊತೆಗಾರ ಮಂಜಪ್ಪ ಹೋದ ವರ್ಷ ವಾನಳ್ಳಿಯಲ್ಲಿ ವೆಲ್ಡಿಂಗ್ ಎಂಜಿನ್ನನ್ನು ಗೋದಾಮಿನೊಳಗೆ ತಳ್ಳಿ ಬಾಗಿಲು ಹಾಕಿಕೊಂಡ. ಆ ಹೊಗೆಯಲ್ಲೇ ಸತ್ತ. ಅಂದಿನಿಂದ ನಾನೊಬ್ಬನೇ, ಎಂಜಿನ್ ಯಾವಾಗಲೂ ಬಯಲಲ್ಲಿ.

ಮೊನ್ನೆ ಮಧ್ಯಾಹ್ನ ಹುಲೇಕಲ್‌ನಲ್ಲಿ ರೋಹಿಣಕ್ಕನ ಗೋದಾಮಿನೊಳಗೆ ನಿಂತು ಕಿಟಕಿಗೆ ಸರಳು ವೆಲ್ಡ್ ಮಾಡುತ್ತಿದ್ದೆ. ರಸ್ತೆಬದಿಯ ಎಂಜಿನ್‌ನಿಂದ ಬಿಗಿಯಾಗಿ ಬಂದಿದ್ದ ಕೇಬಲ್ ಮೆಲ್ಲಗೆ ಸಡಿಲಾಯಿತು. ಬೆನ್ನಿಗೆ ಬಿಸಿಗಾಳಿ ತಾಗಿತು. ತಿರುಗುವಷ್ಟರಲ್ಲಿ ಹೊಗೆ ಕವಿದು ಕೆಳಗೆ ಬಿದ್ದೆ; ಎಂಜಿನ್ನಿನ ಸದ್ದು ಗೋದಾಮಿನೊಳಗೇ ಇತ್ತು.

ರೋಹಿಣಕ್ಕ ಬಾಗಿಲು ತೆರೆದು ನನ್ನನ್ನು ಹೊರಗೆಳೆದು ಹಾಕಿದರು.

"ಎಂಜಿನ್ ಒಳಗೆ ತಂದದ್ದು ಯಾರು?" ಎಂದೆ.

"ನಿಮ್ಮ ಸಂಗಡದವ್ರೇ. ಅಡಿಕೆಗೆ ಹೊಗೆ ತಾಗ್ತದೆ ಅಂತ ಒಳಗೆ ತಳ್ಕಂಡು ಹೋಗಿ ಬಾಗ್ಲು ಹಾಕಿದ್ರು. ಅವ್ರಿನ್ನೂ ಹೊರಗೆ ಬರ್ಲಿಲ್ಲ, ಏಳಿ."

ನಾನು ಏಳಲು ಒದ್ದಾಡುತ್ತಿದ್ದಾಗ, ಒಳಗೆ ಯಾರೋ ಎಂಜಿನ್ ಬಂದ್ ಮಾಡಿದರು.