ಬೇಡವೆಂದವರ ಪಟ್ಟಿ

ಬೈಯಲಿಲ್ಲ, ಬೆದರಿಸಲಿಲ್ಲ, ಬಾಯಿಯನ್ನೇ ತೆರೆಯಲಿಲ್ಲ. ಇಂಥ ಕರೆಯನ್ನು ಯಾವ ಕಲಮಿನಡಿ ತರುವುದು? ಚಳ್ಳಕೆರೆ ಠಾಣೆಯ ಪಿಎಸ್‌ಐ ಪಾಲಾಕ್ಷ ದೂರನ್ನು ಮೂರನೇ ಸಲ ಓದಿದರು. ತಳ್ಳಿಹಾಕುವಂತೆಯೂ ಇರಲಿಲ್ಲ. ದೂರು ತಂದಿದ್ದ ಶೇಂಗಾ ವ್ಯಾಪಾರಿ ಮುರುಗೇಂದ್ರಪ್ಪ ಕೊಲೆ ಮೊಕದ್ದಮೆಯೊಂದರ ಏಕೈಕ ಪ್ರತ್ಯಕ್ಷ ಸಾಕ್ಷಿ. ಸೋಮವಾರ ಅವರು ಕೋರ್ಟಿನಲ್ಲಿ ನಿಲ್ಲಬೇಕಿತ್ತು.

ಅಂದು 2008ರ ಮಾರ್ಚ್ 12, ಬುಧವಾರ. ಬೆಳಿಗ್ಗೆ 10.40.

"ಇಪ್ಪತ್ತು ದಿನ ಆತು ಸಾರ್. ಮಧ್ಯಾಹ್ನ ಒಂದೂಕಾಲಿಗೆ ಸರಿಯಾಗಿ ಬರ್ತೈತೆ," ಎಂದರು ಮುರುಗೇಂದ್ರಪ್ಪ. "ನಮ್ಮನೆಯೋಳು ಎತ್ತಿದ್ರೆ ಆ ಕಡೆ ಬರೀ ಉಸಿರು. ಸಾಕ್ಷಿ ಹೇಳಬ್ಯಾಡ್ರಿ ಅಂತ ಅಳ್ತಾ ಕುಂತವ್ಳೆ."

"ಏನಾದರೂ ಮಾರುವ ಕಂಪನಿಯವರ ಕರೆ ಇರಬಹುದಲ್ಲ?"

"ಅವನ್ನ ಡಿಸೆಂಬರಿನಾಗೇ ನಿಲ್ಸಿದೆ ಸಾರ್. 1909ಕ್ಕೆ ಹೇಳಿ ನಂಬರನ್ನ 'ಕರೆ ಬ್ಯಾಡ' ಅನ್ನೋರ ಪಟ್ಟಿಗೆ ಸೇರಿಸ್ದೆ. ಒಂದೂವರೆ ತಿಂಗಳಿಗೆ ಎಲ್ಲಾ ನಿಂತ್ವು. ಇದು ಆಮೇಲೆ ಶುರುವಾಗಿದ್ದು."

11.30ಕ್ಕೆ ಎಫ್‌ಐಆರ್ ದಾಖಲಾಯಿತು. ಸಂಜೆಗೆ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಮಾಹಿತಿ ಬಂತು. ಎಲ್ಲ ಕರೆಗಳೂ ಮೊಳಕಾಲ್ಮುರು ಬಸ್ ನಿಲ್ದಾಣದೆದುರಿನ ಒಂದೇ ಎಸ್‌ಟಿಡಿ ಬೂತಿನವು. ಮರುದಿನ 12.50ಕ್ಕೆ ಪಾಲಾಕ್ಷ, ಹೆಡ್ ಕಾನ್‌ಸ್ಟೇಬಲ್ ಬೊಮ್ಮಲಿಂಗಪ್ಪನೊಡನೆ ಮಫ್ತಿಯಲ್ಲಿ ಅಲ್ಲಿಗೆ ಬಂದರು.

"ಅವನಾ?" ಎಂದ ಬೂತಿನ ಜೋಗಪ್ಪ. "ನಂಬರ್ ಒತ್ತುತಾನೆ, ಸುಮ್ನೆ ನಿಂತ್ಕಂತಾನೆ, ಬಿಲ್ಲು ಕೊಟ್ಟು ಹೋಗ್ತಾನೆ. ಪಾಪ, ಮೂಗ ಅನ್ಕಂಡಿದ್ದೆ."

"ಮೂಗ ಫೋನ್ ಯಾಕಲೇ ಮಾಡ್ತಾನೆ?" ಬೊಮ್ಮಲಿಂಗಪ್ಪ ರೇಗಿದ.

"ನಾಕೇಮಿ ತೆಲುಸು ಸಾರ್, ನಂಗೇನು ಗೊತ್ತು! ಕೇಳಿದ್ರೆ ಗಿರಾಕಿ ಪಕ್ಕದ ಬೂತಿಗೆ ಹೋಗ್ತಾನೆ."

1.15ಕ್ಕೆ ತೆಳ್ಳನೆಯ ಯುವಕನೊಬ್ಬ ಒಳಗೆ ಹೋದ. ರಿಸೀವರ್ ಇಟ್ಟು ಹೊರಬರುತ್ತಲೇ ಬೊಮ್ಮಲಿಂಗಪ್ಪ ರಟ್ಟೆ ಹಿಡಿದ. ಅವನು ಕೊಸರಾಡಲಿಲ್ಲ. ಜೋಗಪ್ಪ ಮತ್ತು ಪಕ್ಕದ ಬಳೆ ಅಂಗಡಿಯವನು ಪಂಚರಾದರು. ಅಂಗಿಯ ಜೇಬಿನಲ್ಲಿ ಮಡಿಸಿದ ಹಾಳೆಯೊಂದು ಸಿಕ್ಕಿತೆಂದು ಪಂಚನಾಮೆಯಲ್ಲಿ ಬರೆದರು. ಕರೆ ಮಾಡಬಾರದವರ ಪಟ್ಟಿ ಅದು. ಮುರುಗೇಂದ್ರಪ್ಪನವರ ನಂಬರಿನ ಕೆಳಗೆ ಗೆರೆ ಎಳೆದಿತ್ತು.

ಹೆಸರು ಪ್ರದೀಪ್, ವಯಸ್ಸು 23, ಊರು ಕೊಂಡ್ಲಹಳ್ಳಿ.

"ಯಾರು ಕಳಿಸಿದ್ದು?" ಠಾಣೆಯಲ್ಲಿ ಪಾಲಾಕ್ಷ ಕೇಳಿದರು.

"ಯಾರೂ ಇಲ್ಲ ಸಾರ್."

"ಸೋಮವಾರದ ಕೇಸು?"

"ಯಾವ ಕೇಸು ಸಾರ್?"

ಆ ಕಣ್ಣಿನಲ್ಲಿ ನಟನೆಯಿರಲಿಲ್ಲ. ಕೊಲೆ ಆರೋಪಿಗಳ ಕಡೆಯವರೊಂದಿಗೆ ಅವನಿಗೆ ಯಾವ ನಂಟೂ ಇಲ್ಲವೆಂದು ಸಂಜೆಯೊಳಗೆ ಖಾತ್ರಿಯಾಯಿತು. ಪಾಲಾಕ್ಷ ಎರಡು ದಿನಗಳಲ್ಲಿ ಮೊದಲ ಬಾರಿ ಕುರ್ಚಿಗೆ ಒರಗಿದರು.

ಎರಡು ವರ್ಷ ಅವನು ದಾವಣಗೆರೆಯ ಕಚೇರಿಯೊಂದರಲ್ಲಿ ಫೋನಿನಲ್ಲೇ ವಿಮೆ ಮಾರುತ್ತಿದ್ದ. ಕರೆ ಬೇಡವೆಂದವರ ಪಟ್ಟಿ ಬೆಳೆದಂತೆ ಕರೆಗಳು ಕಡಿಮೆಯಾಗಿ ಕೆಲಸ ಹೋಯಿತು; ಜೇಬಿನಲ್ಲಿದ್ದುದು ಅಲ್ಲಿಂದ ತಂದ ಹಾಳೆ. ಈಗ ಮೊಳಕಾಲ್ಮುರಿನ ಸೀರೆ ಅಂಗಡಿಯೊಂದರಲ್ಲಿ ರೇಷ್ಮೆ ಸೀರೆ ಮಡಿಸುತ್ತಿದ್ದ. ಒಂದು ಗಂಟೆಗೆ ಬಿಡುವು.

"ಎಲ್ಲಾರೂ ಬೈಯೋರು ಸಾರ್. ಈ ನಂಬರಿನ ಆಯಮ್ಮ ಒಬ್ರೇ 'ವಿಮೆ ಬ್ಯಾಡಪ್ಪ, ನೀನು ಉಂಡ್ಯಾ' ಅನ್ನೋರು."

"ಮತ್ತೆ ಮಾತಾಡದೆ ಯಾಕೆ ನಿಂತಿದ್ದೆ?"

ಪ್ರದೀಪ್ ಮೇಜಿನ ಮೇಲಿದ್ದ ಪಟ್ಟಿಯತ್ತ ಬೆರಳು ತೋರಿಸಿದ.

"ಬ್ಯಾಡ ಅಂತ ಬರೆಸಿರೋರಿಗೆ ಏನಂತ ಮಾತಾಡೋದು ಸಾರ್?"

ಸಂಜೆ ಆರಕ್ಕೆ ಮುರುಗೇಂದ್ರಪ್ಪ ಹೆಂಡತಿ ಕಮಲಾಕ್ಷಮ್ಮನೊಡನೆ ಠಾಣೆಗೆ ಬಂದರು. ಕೇಸಿಗೂ ಇವನಿಗೂ ಸಂಬಂಧವಿಲ್ಲ ಎಂದಷ್ಟೇ ಪಾಲಾಕ್ಷ ತಿಳಿಸಿದರು. ವ್ಯಾಪಾರಿ ಟವೆಲಿನಿಂದ ಮುಖ ಒರೆಸಿಕೊಂಡು ಗಹಗಹಿಸಿ ನಕ್ಕರು.

"ಈ ಕಡ್ಡಿಗೆ ಹೆದರಿದ್ನಾ ನಾನು! ಸೋಮವಾರ ಮೊದಲ್ನೇ ಬಸ್ಸಿಗೇ ಕೋರ್ಟಿಗೆ ಬರ್ತೀನಿ ಸಾರ್."

ಠಾಣಾ ಜಾಮೀನಿನ ಕಾಗದಕ್ಕೆ ಸಹಿ ಹಾಕಿ ಹೊರಟ ಪ್ರದೀಪನನ್ನು ಕಮಲಾಕ್ಷಮ್ಮ ಬಾಗಿಲಲ್ಲಿ ತಡೆದರು.

"ಇನ್ನೊಂದ್ಸಲ ಹಂಗೆ ಹೆದರಿಸಬ್ಯಾಡಪ್ಪ."

ಅವನು ತಲೆಯಾಡಿಸಿ ಮೆಟ್ಟಿಲಿಳಿದ. ಎರಡು ವರ್ಷ ಆಕೆಯೊಡನೆ ಮಾತಾಡಿದವನು ತಾನೇ ಎಂದು ಅವನು ಹೇಳಲಿಲ್ಲ.