ಗುರುವಾರದ ಬಿಳಿ ಕಾಗದ

ಸೋಮವಾರ ಹನ್ನೊಂದು ಗಂಟೆಗೆ ಎರಡನೆಯ ಸಲ ಚಹಾ ತಂದ ಚಮನಸಾಬ ಸುಶ್ಮಿತಾಳನ್ನು ಕರೆದ. ಅವಳು ಮೇಜಿನ ಮೇಲಿಂದ ತಲೆ ಎತ್ತಲಿಲ್ಲ. ಭುಜ ಮುಟ್ಟಿದ. ಅವಳು ವಾಲಿದಳು. ಜೀವ ಹೋಗಿತ್ತು.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಎದುರಾಗಿರುವ ಮೂರಂತಸ್ತಿನ ಕಟ್ಟಡ. ಮೇಲೆ ಸುಶ್ಮಿತಾ ಕೆಲಸ ಮಾಡುತ್ತಿದ್ದ ವಿಮಾ ಕಚೇರಿ. ಮೈಮೇಲೆ ಗಾಯವಿಲ್ಲ. ಮುಖ ಮಾತ್ರ ಕೆಂಪಗಿತ್ತು. ಮೊದಲು ಎಲ್ಲರ ಕಣ್ಣು ಚಮನಸಾಬನ ಮೇಲೆ ಬಿತ್ತು. ಬೆಳಿಗ್ಗೆ ಕೊಟ್ಟ ಚಹಾದಲ್ಲಿ ವಿಷವಿರಲಿಲ್ಲ. ವಿಷ ಗಾಳಿಯಲ್ಲಿತ್ತು. ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡ್ ಎಂದರು ವೈದ್ಯರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಪಿಎಸ್‌ಐ ದ್ರಾಕ್ಷಾಯಿಣಿ ಹಾವೇರಿಗೆ ಫೋನ್ ಮಾಡಿದರು. ಆ ಕಟ್ಟಡದ ಗಾಳಿ ಪರೀಕ್ಷೆ ಮಾಡಿದ್ದವನು ಹಾವೇರಿಯ ಶಾನವಾಜ. ತಂಗಿ ಶಾಹೀನ್ ಅವನ ಜೊತೆಗೇ ಕೆಲಸಕ್ಕಿದ್ದಳು.

"ನೀನ ಹೋಗು ಶಾಹೀನ್. ನನಗ ಮೈಯಾಗ ಆರಾಮಿಲ್ಲ," ಅಂದ ಅಣ್ಣ.

*

ಮಂಗಳವಾರ ಶಾಹೀನ್ ವಿಷ ಅನಿಲ ಅಳೆಯುವ ಮೀಟರು ಹಿಡಿದು ಮೆಟ್ಟಿಲ ಕೆಳಗೆ ಹೋದಳು. ಜನರೇಟರ್ ಅಲ್ಲಿತ್ತು. ಅದನ್ನು ಚಾಲೂ ಮಾಡಿಸಿದಳು. ಮೀಟರು ಕಿರುಚಿತು. ಹೊಗೆ ಕೊಳವೆಯ ಜೋಡಣೆ ಸಡಿಲಾಗಿ ಬಾಯಿ ಬಿಟ್ಟಿತ್ತು. ಕೊಳವೆ ಹಾದುಹೋಗುವುದು ಸುಶ್ಮಿತಾಳ ಕೋಣೆಯ ಹಿಂದೆಯೇ.

"ಈ ಜನರೇಟರ್ ಮೊದಲ ಹಿತ್ತಲದಾಗ ಇತ್ತಲ್ಲ?" ದ್ರಾಕ್ಷಾಯಿಣಿ ಕೇಳಿದರು.

"ತಿಂಗಳಾತು ಒಳಗ ತಂದು," ಅಂದ ಕಟ್ಟಡದ ಮಾಲೀಕ ಮಾಲತೇಶಪ್ಪ. "ತಂದ ಮ್ಯಾಲೆ ಗಾಳಿ ಪರೀಕ್ಷಾನೂ ಮಾಡಿಸೇನ್ರಿ. ಹೋದ ಗುರುವಾರ. ಜನರೇಟರ್ ಹಚ್ಚಿ ನೋಡ್ಯಾರ, ವಿಷಗಾಳಿ ಸೊನ್ನಿ ಬಂದೈತಿ. ಈ ತಂಗಿ ಅಣ್ಣನ ಸಹಿ ಐತಿ ನೋಡ್ರಿ. ಅಂದ ಮ್ಯಾಲೆ ಕೊಳವಿ ಆಮ್ಯಾಲೆ ಸಡ್ಲಾಗೈತಿ. ಅದನ್ನ ಮುಟ್ಟಾಂವ ಗೂಡುಸಾಬ ಒಬ್ಬನ."

ಜನರೇಟರ್ ನೋಡಿಕೊಳ್ಳುವ ಅರವತ್ತರ ಗೂಡುಸಾಬ ಕೈ ಮುಗಿದ. "ಮೇಡಮ್ಮಾರ, ಆ ಗುರುವಾರ ಯಾರೂ ಬಂದಿಲ್ರಿ. ನಾನೂ ಜನರೇಟರ್ ಹಚ್ಚಿಲ್ರಿ."

"ಕಾಗದ ಸುಳ್ಳ, ನೀ ಖರೇ ಏನೋ?" ಅಂದ ಮಾಲತೇಶಪ್ಪ.

ಕಾಗದದ ಮೇಲೆ ಸಹಿಯಿತ್ತು. ಗೂಡುಸಾಬನನ್ನು ಜೀಪಿನಲ್ಲಿ ಕರೆದೊಯ್ದರು.

*

ಸುಶ್ಮಿತಾಳ ಪಕ್ಕದ ಕೋಣೆಯ ಪ್ರೇಮಕುಮಾರ ಶಾಹೀನಳ ಮುಖ ನೋಡದೆ ಮಾತಾಡಿದ.

"ತಿಂಗಳಿಂದ ಅಂತಿದ್ಲರಿ, ಜನರೇಟರ್ ಹಚ್ಚಿದ್ರ ತಲಿ ಸಿಡೀತೈತಿ ಅಂತ. ನಾವು ಮೆಣಸಿನಕಾಯಿ ಘಾಟು ಅಂದ್ವಿ. ಮಾರ್ಕೆಟ್ ದಿನ, ಅಂದ್ರ ಸೋಮವಾರ, ಗುರುವಾರ, ಕಿಟಕಿ ತಗಿಯೂದಿಲ್ಲ ನಾವು. ಮೊನ್ನೆ ಸೋಮವಾರನೂ ಆಕಿ ಕೋಣಿ ಕಿಟಕಿ ನಾನ ಹಾಕಿದ್ದೆ. ಕರೆಂಟ್ ಹೋಗಿ ಮುಂಜಾನಿಂದ ಜನರೇಟರ್ ನಡದಿತ್ತು."

ತಿಂಗಳಿಂದ. ಹಾಗಾದರೆ ಜನರೇಟರ್ ಒಳಗೆ ತಂದ ದಿನದಿಂದಲೇ ಕೊಳವೆ ಸೋರುತ್ತಿತ್ತು. ಗುರುವಾರ ಸೊನ್ನೆ ಬಂದದ್ದು ಹೇಗೆ?

ಎದುರಿನ ಮಾರುಕಟ್ಟೆಯ ಅಂಗಳದಲ್ಲಿ ಸುಶ್ಮಿತಾಳ ತಾಯಿ ಗುತ್ತೆವ್ವ ಕೂತಿದ್ದಳು. ಇಪ್ಪತ್ತು ವರ್ಷ ಅಲ್ಲೇ ಮೆಣಸಿನಕಾಯಿ ತೊಟ್ಟು ಬಿಡಿಸಿದವಳು. ಇವತ್ತು ಕೈಗಳು ಸುಮ್ಮನಿದ್ದವು.

"ನಾ ಕೆಮ್ಮಿಕೋತ ದುಡದು ಆಕಿನ್ನ ಅಲ್ಲಿ ಕುಂದ್ರಿಸಿದ್ದೆ," ಅಂದಳು. "ಒಳಗ ಗಾಳಿ ಚಲೋ ಇರ್ತೈತಿ ಅಂತ."

ಶಾಹೀನ್ ಅವಳ ಪಕ್ಕ ಕೂತಳು.

*

ಗಾಳಿ ಪರೀಕ್ಷೆಯಲ್ಲಿ ವಿಷ ಅನಿಲದ ಜೊತೆ ಧೂಳನ್ನೂ ಅಳೆಯುತ್ತಾರೆ. ಆ ಧೂಳು ಅಳೆಯುವ ಯಂತ್ರದಲ್ಲಿ ರೊಟ್ಟಿಯಂತೆ ದುಂಡಗಿನ ಒಂದು ಸಣ್ಣ ಕಾಗದವಿರುತ್ತದೆ. ಒಳಬರುವ ಧೂಳೆಲ್ಲ ಅದಕ್ಕೆ ಅಂಟುತ್ತದೆ. ಪರೀಕ್ಷೆ ಮುಗಿದ ಮೇಲೆ ಲಕೋಟೆಗೆ ಹಾಕಿ, ತಾರೀಖು ಬರೆದು ಇಡುತ್ತಾರೆ. ಬುಧವಾರ ಶಾಹೀನ್ ಹೋದ ಗುರುವಾರದ ತಾರೀಖಿದ್ದ ಅಣ್ಣನ ಲಕೋಟೆ ಒಡೆದಳು.

ಕಾಗದ ಬೆಳ್ಳಗಿತ್ತು.

ಮರುದಿನ ಗುರುವಾರ. ಅವಳು ಯಂತ್ರವನ್ನು ಸುಶ್ಮಿತಾಳ ಕೋಣೆಯಲ್ಲಿಟ್ಟು ಕಿಟಕಿ ಹಾಕಿದಳು. ಎದುರಿಗೆ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳು ಇಳಿಯುತ್ತಿದ್ದವು. ಒಂದು ತಾಸಿನ ಮೇಲೆ ತೆಗೆದಾಗ ಹೊಸ ಕಾಗದ ಕುಂಕುಮದ ಕೈ ಒರೆಸಿದಂತೆ ಕೆಂಪಾಗಿತ್ತು.

*

ಮಧ್ಯಾಹ್ನ ಹಾವೇರಿಯಲ್ಲಿ ಎರಡೂ ಕಾಗದಗಳನ್ನು ಅಣ್ಣನ ಮುಂದಿಟ್ಟಳು.

"ಮಷೀನು ಎಲ್ಲಿ ಇಟ್ಟಿದ್ದಿ, ಭಾಯಿ?"

ಶಾನವಾಜ ಬಿಳಿ ಕಾಗದವನ್ನು ಬೆರಳಿನಿಂದ ಆಚೆ ಸರಿಸಿದ.

"ನಮ್ಮ ಮಾಳಿಗಿ ಮ್ಯಾಲ. ಬ್ಯಾಡಗಿ ದಾರ್ಯಾಗ ಮೋಟೆಬೆನ್ನೂರು ತನಕ ಹೋಗಿದ್ದೆ. ಅಲ್ಲೇ ದಮ್ಮು ಹತ್ತಿತು, ಉಸಿರು ಸಾಲದ ತಿರುಗಿ ಬಂದೆ. ಮಾರ್ಕೆಟ್ ದಿನ ಬ್ಯಾಡಗಿ ಗಾಳಿ ನನಗ ಆಗೂದಿಲ್ಲ. ಎರಡು ವರ್ಷಾತು, ಯಾರಿಗೂ ಹೇಳಿಲ್ಲ. ಗಾಳಿ ಅಳಿಯಾಂವಗ ಗಾಳೀನ ಒಗ್ಗೂದಿಲ್ಲ ಅಂದ್ರ ಮಂದಿ ನಗ್ತಾರ."

"ನನ್ನ ಕಳಸಬೇಕಿತ್ತು."

"ಯಾಕ ಅಂತ ಕೇಳ್ತಿದ್ದಿ."

"ಜನರೇಟರ್ ಹಚ್ಚಿ ನೋಡೇನಿ ಅಂತ ಬರದಿ."

"ಎಲ್ಲಾ ಕಡೆ ಸೊನ್ನೀನ ಬರ್ತೈತಿ. ಇಲ್ಲೂ ಅಷ್ಟ ಅಂದುಕೊಂಡೆ." ಅವನ ದನಿ ಕುಗ್ಗಿತು. "ನಾ ಜೇಲಿಗೆ ಹೋದ್ರ ಸತ್ತಾಕಿ ಎದ್ದು ಬರ್ತಾಳೇನ?"

"ಇಲ್ಲ. ಗೂಡುಸಾಬ ಬರ್ತಾನ."

ಅವಳು ಕಾಗದಗಳನ್ನು ಎತ್ತಿಕೊಂಡಳು. ಅವನು ಚಪ್ಪಲಿ ಮೆಟ್ಟಿಕೊಂಡು ಹಿಂದೆ ನಡೆದ.

*

ಬ್ಯಾಡಗಿ ಠಾಣೆಯಲ್ಲಿ ದ್ರಾಕ್ಷಾಯಿಣಿ ಎರಡೂ ಕಾಗದಗಳನ್ನು ಬೆಳಕಿಗೆ ಹಿಡಿದರು.

"ಮಾರ್ಕೆಟ್ ದಿನ ಈ ಊರಾಗ ಕಾಗದ ಬೆಳ್ಳಗ ಉಳಿಯೂದಿಲ್ರಿ," ಅಂದಳು ಶಾಹೀನ್. "ಅಂದ್ರ ಮಷೀನು ಇಲ್ಲಿಗೆ ಬಂದಿಲ್ಲ. ಪರೀಕ್ಷಾ ಆಗಿಲ್ಲ, ಸೊನ್ನಿ ಸುಳ್ಳ. ಕೊಳವಿ ತಿಂಗಳಿಂದ ಸೋರಾಕತ್ತೈತಿ, ಆಕಿ ತಲಿನೋವು ಅದಕ್ಕ ಸಾಕ್ಷಿ. ಗೂಡುಸಾಬ ಏನೂ ಮುಟ್ಟಿಲ್ಲ."

"ಬರದು ಕೊಡ್ತೀಯೇನ? ಅಣ್ಣ ಅದಾನ, ವಿಚಾರ ಮಾಡು."

"ಕೊಡ್ತೇನ್ರಿ."

ಬರೆದುಕೊಟ್ಟಳು. ಶಾನವಾಜನೂ ಒಪ್ಪಿಕೊಂಡು ಸಹಿ ಹಾಕಿದ. ಗೂಡುಸಾಬನಿದ್ದ ಲಾಕಪ್ಪಿಗೇ ಅವನನ್ನೂ ಹಾಕಿದರು. ಜನರೇಟರ್ ಒಳಗೆ ತಂದಿದ್ದಕ್ಕೆ ಮಾಲತೇಶಪ್ಪನ ಮೇಲೂ ಪ್ರಕರಣ ದಾಖಲಾಯಿತು.

ಸಂಜೆ ಗೂಡುಸಾಬನನ್ನು ಬಿಟ್ಟರು. ಅವನು ಹೊರಗೆ ಬಂದು, ಬಾಗಿಲ ಬಳಿಯ ಬೆಂಚಿನಲ್ಲಿದ್ದ ಶಾಹೀನಳ ಮುಂದೆ ನಿಂತ. ಬೈಯುತ್ತಾನೆ ಎಂದು ಅವಳು ತಲೆ ತಗ್ಗಿಸಿದಳು.

"ನಿಮ್ಮ ಅಣ್ಣಗ ದಮ್ಮು ಭಾಳ ಆಗೈತವ್ವ," ಅಂದ. "ಒಳಗ ಕಿಟಕಿ ಇಲ್ಲ. ಔಷಧಿ ಕೊಟ್ಟೀಯೇನ?"

ಅವಳು ಕೊಟ್ಟಿರಲಿಲ್ಲ.